ಜೀರ್ಣೋದ್ಧಾರ

ನಮ್ಮ ನಾಡಿನ ದಾನಶಾಸನಗಳನ್ನು ಓದಿದವರಿಗೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ವೆಂಬ ಸಮಾಸವು ಪರಿಚಿತವಾದುದು. ದೇವಾಲಯಕ್ಕೋ ಮಠಕ್ಕೋ ಭೂಮಿಯನ್ನು ಬಿಡುವ ದಾನಿಯು ನಂದಾದೀವಿಗೆಗೆ, ನೈವೇದ್ಯಕ್ಕೆ, ತಪೋಧನರ ಆಹಾರದಾನಕ್ಕೆ ಎಂದು ಎಣಿಸುತ್ತ ಹೋಗಿ, ಅವುಗಳ ಜೊತೆಗೇ ಈ ಮಾತನ್ನೂ ಸೇರಿಸುವನು. ಖಂಡವೆಂದರೆ ಒಡೆದುದು, ಸ್ಫುಟಿತವೆಂದರೆ ಬಿರಿದುದು, ಜೀರ್ಣವೆಂದರೆ ಸವೆದು ಹಳತಾದುದು. ಕಟ್ಟಡವಿನ್ನೂ ಹೊಸದಾಗಿರುವಾಗಲೇ ಅದು ಒಂದು ದಿನ ಒಡೆಯುವುದು, ಬಿರಿಯುವುದು ಎಂಬುದನ್ನು ಆ ದಾನಿಯು ಒಪ್ಪಿಕೊಂಡಿದ್ದನು. ಒಪ್ಪಿಕೊಂಡು ಅದಕ್ಕೆ ಬೇಕಾದ ಹೊಲವನ್ನೂ ಬಿಟ್ಟಿದ್ದನು. ಇನ್ನು ‘ಉದ್ಧಾರ’ವೆಂದರೆ ಮೇಲಕ್ಕೆತ್ತುವುದು. ಬಾವಿಯಲ್ಲಿ ಬಿದ್ದವನನ್ನು ಉದ್ಧರಿಸುವುದೆಂದರೆ ಅವನನ್ನೇ ಎತ್ತುವುದಲ್ಲದೆ, ಬೇರೊಬ್ಬನನ್ನು ತಂದು ಬಾವಿಯ ಕಟ್ಟೆಯ ಮೇಲೆ ನಿಲ್ಲಿಸುವುದಲ್ಲವಷ್ಟೆ.

ಈ ಹಳೆಯ ಮಾತು ನನ್ನ ಮನಸ್ಸಿನಲ್ಲಿ ಹೊಸದಾಗಿ ಕೊರೆಯತೊಡಗಿದುದು 2019ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ. ಆ ವರ್ಷ ಸಹ್ಯಾದ್ರಿಯ ನೆತ್ತಿಯ ಮೇಲೆ ಬಿದ್ದ ಮಳೆಗೆ ಕೃಷ್ಣೆ, ಮಲಪ್ರಭೆ, ಘಟಪ್ರಭೆ ಮೂರೂ ಉಕ್ಕಿದವು. ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೆ ಹೊಳೆ ಬಂದಿತು. ಘಟಪ್ರಭೆಯ ದಡದಲ್ಲಿರುವ ಗೋಕಾಕದ ತಗ್ಗಿನ ಓಣಿಗಳು ನೀರಿನಲ್ಲಿ ಮುಳುಗಿದವು. ಊರಿಗೆ ಕೆಲವೇ ಹರದಾರಿಯ ದೂರದಲ್ಲಿ ಕಲ್ಲುಬಂಡೆಯ ಅಂಚಿನಿಂದ ಸುಮಾರು 52 ಮೀಟರುಗಳಷ್ಟು ಕೆಳಗೆ ಧುಮುಕುವ ಅದೇ ನದಿಯನ್ನು ನೋಡಲು ಜನ ದೇಶದೇಶಗಳಿಂದ ಬರುವರು. ಅದು ತಾನಾಗಿ ಮನೆಯ ಪಡಸಾಲೆಗೆ ಬಂದಾಗ ನೋಡುವ ಬಗೆ ಬೇರೆ. ಆ ತಗ್ಗಿನ ಓಣಿಗಳಲ್ಲೊಂದರಲ್ಲಿ ನಮ್ಮ ಮನೆತನದ ಮನೆಯಿದೆ. ನಾನು ಮಠದ ಶಾಲೆಯ ಕೆಲಸದ ನಿಮಿತ್ತ ಪರಸ್ಥಳದಲ್ಲಿರುವವನು. ಅಲ್ಲಿ ವಾಸವಾಗಿರುವವರು ತೀರಿಹೋದ ನಮ್ಮ ಚಿಕ್ಕಪ್ಪನವರ ಪತ್ನಿ, ನಾವೆಲ್ಲ ಕಾಕು ಎಂದು ಕರೆಯುವ ಹಿರಿಯರು. ಹಿಂಬದಿಯ ಎರಡು ಅಂಕಣಗಳನ್ನು ಬಾಡಿಗೆಗೆ ಕೊಟ್ಟಿದ್ದೆವು.

ನೀರಿಳಿದ ಮೂರನೆಯ ದಿನ ನಾನು ಹೋಗಿ ನೋಡಿದಾಗ ಗೋಡೆಯ ಮೇಲೆ ಎದೆಯ ಮಟ್ಟಕ್ಕೆ ಕೆಸರಿನ ಗೆರೆ ಮೂಡಿದ್ದಿತು. ದನದ ಕೊಟ್ಟಿಗೆಯ ಹಸಿ ಇಟ್ಟಿಗೆಯ ಗೋಡೆ ಕರಗಿ ಮಣ್ಣಿನ ಗುಡ್ಡೆಯಾಗಿದ್ದಿತು. ಕಲ್ಲುಗೋಡೆಗಳು ಮಾತ್ರ ನಿಂತಿದ್ದವು. ಆ ಹೊತ್ತಿಗೆ ಸರಕಾರವು ಪೂರ್ಣ ಬಿದ್ದ ಮನೆಗೆ 5 ಲಕ್ಷ ರೂಪಾಯಿಗಳ ಪರಿಹಾರವನ್ನು ಸಾರಿದ್ದಿತು. ಭಾಗಶಃ ಕೆಟ್ಟುದಕ್ಕೆ ಅದಕ್ಕಿಂತ ಬಹಳ ಕಡಿಮೆ. ನಮ್ಮ ದೊಡ್ಡಪ್ಪನವರ ಮಗ, ಮನೆಯ ಮೂರು ಪಾಲುಗಳಲ್ಲಿ ಒಂದರ ಒಡೆಯರು, ನನ್ನನ್ನು ಹಿತ್ತಿಲಿಗೆ ಕರೆದುಕೊಂಡು ಹೋಗಿ ಮೆಲ್ಲನೆ ಹೇಳಿದರು: “ತಮ್ಮಾ, ಈ ಗ್ವಾಡಿ ಇವತ್ತಲ್ಲ ನಾಳೆ ಬೀಳೂದ ಐತಿ. ನಾಕ ಹಾರಿ ಪೆಟ್ಟ ಕೊಟ್ಟರ ನಾವ ಕೆಡವಿದಂಗಲ್ಲ, ಹೊಳಿ ಕೆಡವಿದಂಗ.”

ಸದ್ಭಕ್ತರು ಅಣ್ಣನವರನ್ನು ದುಷ್ಟರೆಂದು ತಿಳಿಯಬಾರದು. ಅವರ ಅಂಗಡಿಯ ಸರಕೆಲ್ಲ ಹೊಳೆಯ ಪಾಲಾಗಿದ್ದಿತು, ತಲೆಯ ಮೇಲೆ ಸಾಲವಿದ್ದಿತು. ನಾನು ತಿಂಗಳ ಮೊದಲ ದಿನ ಸಂಬಳವೆಣಿಸುವವನು. ಅವರ ಮಾತಿಗೆ ಆಗಲೇ ‘ಛೆ’ ಎನ್ನುವ ಧೈರ್ಯ ನನಗೆ ಬರಲಿಲ್ಲ. ಆ ರಾತ್ರಿಯೆಲ್ಲ ನನ್ನೊಳಗೆ ಒಬ್ಬ ಪಂಡಿತನೆದ್ದು ಅಣ್ಣನ ಪರವಾಗಿಯೇ ವಾದಿಸಿದನು. ಸ್ಥಾವರವು ಅಳಿಯತಕ್ಕದ್ದೆಂದು ನಮ್ಮ ಶರಣರು ಸಾರಿಲ್ಲವೆ? ಕಲ್ಲು ಮಣ್ಣುಗಳಲ್ಲಿ ಜೀವವಿಟ್ಟುಕೊಂಡು ಕೂಡುವುದು ವ್ಯಾಮೋಹವಲ್ಲವೆ? ಬೀಳುವುದನ್ನು ಬೀಳಗೊಡುವುದೇ ವೈರಾಗ್ಯವಲ್ಲವೆ? ಸ್ವಾರ್ಥಕ್ಕೆ ಬೇಕಾದಾಗ ವೈರಾಗ್ಯದ ಮಾತು ಎಷ್ಟು ಬೇಗ ನಾಲಗೆಗೆ ಬರುವುದೆಂಬುದನ್ನು ಆ ರಾತ್ರಿ ಕಂಡುಕೊಂಡೆನು.

ಈ ಪ್ರಶ್ನೆಗೆ ನಮ್ಮ ಪರಂಪರೆಯಲ್ಲಿಯೇ ಒಂದು ದೊಡ್ಡ ಪ್ರಸಂಗವಿದೆ. ಸೊನ್ನಲಿಗೆಯ ಸಿದ್ಧರಾಮೇಶ್ವರರು ಕೆರೆಯನ್ನು ಕಟ್ಟಿಸುವುದರಲ್ಲಿಯೂ ಗುಡಿಗಳನ್ನು ಎತ್ತಿಸುವುದರಲ್ಲಿಯೂ ಮುಳುಗಿದ್ದಾಗ ಅಲ್ಲಮಪ್ರಭುಗಳು ಅಲ್ಲಿಗೆ ಬಂದು ಅವರನ್ನು ಕಟುವಾಗಿ ಕೆಣಕಿದ ಕಥೆಯನ್ನು ಶೂನ್ಯಸಂಪಾದನೆಯು ವಿಸ್ತಾರವಾಗಿ ಹೇಳುತ್ತದೆ. ಆ ಸಂವಾದದ ಕೊನೆಗೆ ಸಿದ್ಧರಾಮರು ಪ್ರಭುಗಳೊಡನೆ ಕಲ್ಯಾಣದ ದಾರಿ ಹಿಡಿದರು. ಇಷ್ಟನ್ನೇ ಓದಿ, ಕಟ್ಟುವ ಕೆಲಸವೆಲ್ಲ ಹೀನವೆಂದು ಹೇಳುವವರುಂಟು. ನಾನೂ ತರಗತಿಯಲ್ಲಿ ಬಹುಕಾಲ ಹಾಗೆಯೇ ಹೇಳಿಕೊಡುತ್ತಿದ್ದೆನು. ಆದರೆ ಪ್ರಭುಗಳು ಕೆರೆಯ ಏರಿಯನ್ನು ಒಡೆಯಿರೆಂದು ಎಲ್ಲಿ ಹೇಳಿದರು? ಕೆರೆ ಹಾಗೆಯೇ ಉಳಿಯಿತು; ಇಂದಿಗೂ ಸೊಲ್ಲಾಪುರದ ನಡುವೆ ಸಿದ್ಧೇಶ್ವರರ ಹೆಸರಿನ ಕೆರೆಯಿದೆ. ಒಡೆದುದು ‘ನಾನು ಕಟ್ಟಿದೆನು’ ಎಂಬ ಅಭಿಮಾನ. ಕಟ್ಟಿದವನ ಅಭಿಮಾನವನ್ನು ಕಳೆಯುವ ಮಾತನ್ನು ತಂದು, ಕಟ್ಟಿದುದನ್ನು ಸುಳ್ಳು ಹೇಳಿ ಕೆಡವುವವನಿಗೆ ಆಧಾರವಾಗಿ ಕೊಡುವುದು ಶಾಸ್ತ್ರದ್ರೋಹವೇ ಸರಿ.

ಬೆಳಗಾದ ಮೇಲೆ ಈ ವಾದವನ್ನೆಲ್ಲ ಅಣ್ಣನವರ ಮುಂದೆ ಹೇಗಿಡಬೇಕೆಂದು ನಾನು ಯೋಚಿಸುತ್ತಿರುವಾಗ, ಕೆಸರು ಬಳಿಯುತ್ತಿದ್ದ ಕಾಕು ಸೊಂಟಕ್ಕೆ ಕೈಕೊಟ್ಟು ಎದ್ದುನಿಂತು, “ಬಿದ್ದ ಮನಿ ಅಂತ ನೀವು ಬರಿಸಿದ ಮ್ಯಾಲ ನಾ ಅದರಾಗ ಹೆಂಗ ಮಲಗಲಿ?” ಎಂದರು. ಅಷ್ಟಕ್ಕೇ ಮಾತು ಮುಗಿಯಿತು. ಪರಿಶೀಲನೆಗೆ ಬಂದವರು ಇದ್ದುದನ್ನು ಇದ್ದಂತೆ ಬರೆದುಕೊಂಡು ಹೋದರು. ಬಂದ ಹಣ ಅಲ್ಪವೇ. ಅಣ್ಣನವರು ಒಂದು ವರ್ಷದ ಮೇಲೆ ನನ್ನೊಡನೆ ಮಾತಾಡಲಿಲ್ಲ.

ಇನ್ನು ಗೋಡೆಯ ವಿಷಯಕ್ಕೆ ಬರೋಣ. ನೀರು ಹಳೆಯ ಮನೆಯನ್ನು ಕೆಡಿಸುವ ಬಗೆಯನ್ನು ತಿಳಿಯದೆ ಮಾಡಿದ ರಿಪೇರಿ ನೀರಿಗಿಂತ ಹೆಚ್ಚು ಕೆಡುಕನ್ನು ಮಾಡುವುದು. ಇದನ್ನು ನಾನು ಪುಸ್ತಕದಿಂದ ಕಲಿತುದಕ್ಕಿಂತ ನಮ್ಮ ತಪ್ಪಿನಿಂದ ಕಲಿತುದೇ ಹೆಚ್ಚು.

ನಮ್ಮ ಕಡೆಯ ಹಳೆಯ ಗೋಡೆಯೆಂದರೆ ಹೊರಗೊಂದು ಒಳಗೊಂದು ಕಲ್ಲಿನ ಮೈ, ನಡುವೆ ಚೂರುಗಲ್ಲು ಮತ್ತು ಮಣ್ಣಿನ ತುಂಬು, ಮೇಲೆ ಗಾರೆಯ ಗಿಲಾವು. ಎರಡು ಅಡಿಯ ದಪ್ಪ. ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ ನೆಲದ ನೀರು ಇದರ ಸಣ್ಣ ಸಣ್ಣ ರಂಧ್ರಗಳಲ್ಲಿ ಮೇಲೇರುವುದು. ಗೋಡೆಯ ಮೈಗೆ ಬಂದ ನೀರು ಆವಿಯಾಗಿ ಹೋಗುವುದು. ಆದರೆ ಅದರಲ್ಲಿ ಕರಗಿ ಬಂದ ಉಪ್ಪು ಹೋಗದೆ ಅಲ್ಲಿಯೇ ಹರಳುಗಟ್ಟುವುದು. ಆ ಹರಳು ಬೆಳೆಯುತ್ತ ಕಲ್ಲಿನ ಕಣಕಣವನ್ನು ಒಳಗಿನಿಂದ ದೂಡಿ ಉದುರಿಸುವುದು. ಗೋಡೆಯ ಬುಡದಲ್ಲಿ ಬಿಳಿಯ ಹಿಟ್ಟಿನಂತೆ ಕಾಣುವ ಸವಳು ಇದೇ. ವಿಚಿತ್ರವೇನೆಂದರೆ, ಮಾಳಿಗೆಯ ಮೇಲೆ ಹಾಕಲು ನಮ್ಮ ಹಿರಿಯರು ಹುಡುಕಿ ತರುತ್ತಿದ್ದುದೂ ಸವಳುಮಣ್ಣನ್ನೇ. ಅದು ನೆನೆದೊಡನೆ ಕಲೆತು ರಂಧ್ರಗಳನ್ನು ಮುಚ್ಚಿ ನೀರನ್ನು ಕೆಳಗಿಳಿಯಗೊಡದು, ಅದರಲ್ಲಿ ಹುಲ್ಲೂ ಹುಟ್ಟದು. ಮಾಳಿಗೆಯನ್ನು ಕಾಯುವ ಪದಾರ್ಥವೇ ಗೋಡೆಗೆ ಶತ್ರು. ವಸ್ತುವಿನಲ್ಲಿ ಗುಣದೋಷಗಳಿಲ್ಲ, ಸ್ಥಾನದಲ್ಲಿವೆ ಎಂದು ತರ್ಕದ ಪಾಠದಲ್ಲಿ ಹೇಳುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ದೊರೆತಿಲ್ಲ.

2009ರ ಅತಿವೃಷ್ಟಿಯಲ್ಲಿ ನಮ್ಮ ಹಿಂಬದಿಯ ಗೋಡೆ ನೆನೆದು ಗಾರೆ ಉದುರತೊಡಗಿದ್ದಿತು. ಮನೆಯಲ್ಲಿ ಮದುವೆ ಗೊತ್ತಾಗಿದ್ದಿತು. ಬೀಗರು ಬರುವುದರೊಳಗಾಗಿ ಗೋಡೆ ನುಣ್ಣಗಾಗಬೇಕೆಂದು, ಇನ್ನೂ ಹಸಿಯಾಗಿದ್ದ ಅದರ ಮೇಲೆ ಸಿಮೆಂಟಿನ ಗಿಲಾವು ಹೊಡೆಸಿ ಬಣ್ಣ ಬಳಿಸಿದೆವು. ಆ ಸಲಹೆ ನನ್ನದೇ. ಎರಡು ವರ್ಷ ಗೋಡೆ ಚೆಂದವಾಗಿ ಕಂಡಿತು. ಸಿಮೆಂಟು ತನ್ನ ಸ್ಥಾನದಲ್ಲಿ ಉತ್ತಮವಾದ ಪದಾರ್ಥ. ಆದರೆ ಮಣ್ಣು ಸುಣ್ಣಗಳ ಗೋಡೆಗಿಂತ ಅದು ಗಡುಸು, ಆವಿಯನ್ನು ಸುಲಭವಾಗಿ ಹೊರಗೆ ಬಿಡದು. ಆದುದರಿಂದ ಒಳಗಿನ ನೀರು ಹೊರಬರಲು ದಾರಿಯಿಲ್ಲದೆ ಇನ್ನೂ ಎತ್ತರಕ್ಕೇರಿತು, ಗಿಲಾವಿನ ಮೇಲಂಚನ್ನು ದಾಟಿ ಜಂತಿಯ ತುದಿಗಳನ್ನು ಮುಟ್ಟಿತು. ಅವು ಒಳಗಿಂದೊಳಗೆ ಕೊಳೆತುದು ನಮಗೆ ತಿಳಿದುದು 2019ರಲ್ಲಿ, ಸಿಮೆಂಟಿನ ಹಪ್ಪಳವು ಕಲ್ಲಿನ ಮೈಯನ್ನೂ ಕಿತ್ತುಕೊಂಡು ಕಳಚಿ ಬಿದ್ದಾಗ. ನಡುವಿನ ಹತ್ತು ವರ್ಷಗಳಲ್ಲಿ ಅಲ್ಲಿ ಬಾಡಿಗೆಗಿದ್ದ ಒಂದು ಸಂಸಾರದ ಹುಡುಗನಿಗೆ ಮಳೆಗಾಲದಲ್ಲಿ ಉಬ್ಬಸ ಬರುತ್ತಿದ್ದಿತು. ಅವರು ಗೋಡೆಯ ವಾಸನೆಯ ಮಾತನ್ನೆತ್ತಿದಾಗ, “ಬಣ್ಣ ಹೊಡಿಸೇವಲ್ಲ” ಎಂದು ನಾನು ಉತ್ತರ ಕೊಟ್ಟಿದ್ದೆನು. ಅವನ ಉಬ್ಬಸಕ್ಕೆ ಆ ಗೋಡೆಯೊಂದೇ ಕಾರಣವೆಂದು ಯಾರೂ ಸಿದ್ಧಪಡಿಸಲಾರರು. ಆದರೆ ಒದ್ದೆಯ ಮೇಲೆ ಬಣ್ಣ ಹೊಡೆಯಿಸಿರುವೆನೆಂದು ನಾನು ಬಲ್ಲೆನಾಗಿದ್ದೆ, ಅವರು ಅರಿಯರು. ಹಾರೆಯಿಂದ ಗೋಡೆ ಕೆಡವಿ ಹೊಳೆಯ ಹೆಸರು ಹೇಳುವುದಕ್ಕೂ, ಹಸಿಗೋಡೆಗೆ ಬಣ್ಣ ಬಳಿದು ಬಾಡಿಗೆ ಎಣಿಸುವುದಕ್ಕೂ ಎಷ್ಟು ಅಂತರ? ಅಣ್ಣನನ್ನು ತಡೆಯುವ ಬಾಯಿ ನನಗೆ ಬಾರದಿದ್ದುದಕ್ಕೆ ಇದೂ ಒಂದು ಕಾರಣ.

ಈ ಸಲ ನಾವು ಕರೆಯಿಸಿದುದು ಗಾರೆಯ ಕೆಲಸ ಬಲ್ಲ ಒಬ್ಬ ವೃದ್ಧ ಗೌಂಡಿಯನ್ನು. ಆತನು ಬಂದವನೇ ಯಾವ ಕೆಲಸವನ್ನೂ ಮಾಡಲಿಲ್ಲ. ಬಾಗಿಲು ಬೆಳಕಿಂಡಿಗಳನ್ನೆಲ್ಲ ತೆರೆಯಿಸಿದನು. ಕೆಸರು ಒಣಗಿ ಗಟ್ಟಿಯಾಗುವ ಮೊದಲೇ ಅದನ್ನು ಒಳ್ಳೆಯ ನೀರಿನಿಂದ ತೊಳೆಯಿಸಿದನು. ನೆನೆದ ಹಾಸಿಗೆ, ಚಾಪೆ, ಕಾಗದಪತ್ರಗಳನ್ನು ಹೊರಗೆ ಹಾಕಿಸಿದನು; ಏಕೆಂದರೆ ಎರಡು ದಿನ ತುಂಬುವುದರೊಳಗೆ ಅವುಗಳಲ್ಲಿ ಬೂಷ್ಟು ಹುಟ್ಟುವುದು. ಉಳಿದಿದ್ದ ಸಿಮೆಂಟನ್ನು ಉಳಿಯಿಂದ ಮೆಲ್ಲಗೆ ಎಬ್ಬಿಸಿ ತೆಗೆದನು. ಅಂಗಳದ ಹಳೆಯ ಹಗೇವಿನಲ್ಲಿ ಬಾಯಿತನಕ ನೀರು ನಿಂತಿದ್ದಿತು. ಓಣಿಯ ಹುಡುಗರು ಪಂಪು ತಂದು ಒಂದೇ ಗಳಿಗೆಯಲ್ಲಿ ಬರಿದು ಮಾಡಲು ಹೊರಟಾಗ ಅವರನ್ನು ಗದರಿಸಿ ನಿಲ್ಲಿಸಿದನು. ಸುತ್ತಲಿನ ಎರೆಮಣ್ಣು ಅಂಬಲಿಯಂತಾಗಿರುವಾಗ ಒಳಗಿನ ನೀರೇ ಹಗೇವಿನ ಮೈಗೆ ಊರೆಯಾಗಿರುವುದು. ಅದನ್ನು ಒಮ್ಮೆಲೆ ತೆಗೆದರೆ ಹೊರಗಿನ ಭಾರಕ್ಕೆ ಅದು ಕುಸಿದು ಪಕ್ಕದ ಗೋಡೆಯನ್ನೂ ಎಳೆದುಕೊಂಡು ಹೋಗುವುದು. ದಿನಕ್ಕೆ ಮೂರರಲ್ಲೊಂದು ಪಾಲಿನಂತೆ ತೆಗೆಯಿಸಿದನು. ಬರಿದಾದ ಮೇಲೂ ದೀಪವನ್ನು ಇಳಿಬಿಟ್ಟು ನೋಡದೆ ಯಾರನ್ನೂ ಇಳಿಯಗೊಡಲಿಲ್ಲ. ಹಗೇವಿನ ಕೆಟ್ಟ ಗಾಳಿಗೆ ಪ್ರಾಣ ತೆತ್ತವರ ಕಥೆಗಳು ನಮ್ಮ ಸೀಮೆಯಲ್ಲಿ ಕಡಿಮೆಯೇನೂ ಅಲ್ಲ.

ಉಬ್ಬಿಕೊಂಡು ಮುಚ್ಚದೆ ನಿಂತಿದ್ದ ತಲೆಬಾಗಿಲನ್ನು ಕೆತ್ತಿಸಿಬಿಡೋಣವೆಂದು ನಾನೇ ಬಡಿಗನನ್ನು ಕರೆಯಹೋದೆನು. ಗೌಂಡಿಯು ಬೇಡವೆಂದನು. ಈಗ ಕೆತ್ತಿದರೆ ಬೇಸಗೆಯಲ್ಲಿ ಮರ ತನ್ನ ಅಳತೆಗೆ ಬಂದಾಗ ಬಾಗಿಲಿನ ಸಂದಿಯಲ್ಲಿ ಬೆಕ್ಕು ಓಡಾಡುವುದೆಂದು ನಕ್ಕನು. ಅದನ್ನು ಬಿಸಿಲಿಗಿಡಲೂ ಬಿಡಲಿಲ್ಲ. ಅವಸರದಲ್ಲಿ ಒಣಗಿದ ಮರ ಸೀಳುವುದು. ಏಪ್ರಿಲಿನಲ್ಲಿ ಆ ಬಾಗಿಲು ತಾನಾಗಿ ಮುಚ್ಚಿತು.

ಗಿಲಾವು ಯಾವಾಗ ಎಂದು ಕೇಳಿದೆನು. “ಎರಡು ದೀವಳಿಗಿ ಹೋಗಲಿ, ಮಾಸ್ತರ್ರ. ಗ್ವಾಡಿ ಬೆವರಾಕತ್ತೈತಿ. ಬೆವರೂ ಮನಶ್ಯಾಗ ಅಂಗಿ ಮ್ಯಾಲ ಅಂಗಿ ತೊಡಿಸಿದರ ಹೆಂಗ?” ಎಂದನು. ಒಂದು ಅಂಗುಲದ ದಪ್ಪ ಒಣಗಲು ಒಂದು ತಿಂಗಳು ಎಂಬ ಸ್ಥೂಲವಾದ ಲೆಕ್ಕವು ಈ ಕಸುಬಿನವರಲ್ಲಿದೆ. ಎರಡು ಅಡಿಯ ಗೋಡೆಗೆ ಇಪ್ಪತ್ತನಾಲ್ಕು ತಿಂಗಳು. ಆತನ ಎರಡು ದೀಪಾವಳಿಗೂ ಈ ಲೆಕ್ಕಕ್ಕೂ ಹೆಚ್ಚು ಕಡಿಮೆಯಿಲ್ಲ. ಎರಡು ವರ್ಷ ನಮ್ಮ ಮನೆ ಮೈ ಸುಲಿದವರಂತೆ ಕಲ್ಲು ತೋರಿಸಿಕೊಂಡು ನಿಂತಿತು. ಬಂದವರೆಲ್ಲರೂ ‘ಇನ್ನೂ ಯಾಕೆ ಹೀಗೆ?’ ಎಂದು ಕೇಳುವರು. ಅಕ್ಕಪಕ್ಕದವರು ಮೂರು ತಿಂಗಳಲ್ಲಿ ಬಣ್ಣ ಬಳಿಸಿ ಮುಗಿಸಿದ್ದರು. ನೀರು ಮಾಡಿದ ಹಾನಿಗಿಂತ ಆ ಹಾನಿಯು ಕಾಣುವಂತೆ ಇರುವುದೇ ನಮಗೆ ಹೆಚ್ಚು ಅಸಹ್ಯವಾಗುವುದೇಕೆ? ಕಾಕುವಿನ ಮಟ್ಟಿಗೆ ಈ ಪ್ರಶ್ನೆಯೇ ಇರಲಿಲ್ಲ. ಗೋಡೆಗೆ ಬೆನ್ನು ಕೊಟ್ಟು ಕೂತರೆ ಸೀರೆ ಒದ್ದೆಯಾಗುವುದೋ ಇಲ್ಲವೋ ಎಂಬುದೊಂದೇ ಅವರ ಪರೀಕ್ಷೆ.

2021ರ ಚಳಿಗಾಲದಲ್ಲಿ ಗಾರೆಯ ಕೆಲಸ ಮೊದಲಾಯಿತು. ಸುಣ್ಣದ ಕಲ್ಲನ್ನು ಸುಮಾರು 900 ಡಿಗ್ರಿಯ ಬೆಂಕಿಯಲ್ಲಿ ಸುಟ್ಟಾಗ ಅದರೊಳಗಿನ ಇಂಗಾಲಾಮ್ಲ ವಾಯುವು ಹೊರಟುಹೋಗುವುದು. ಉಳಿದುದನ್ನು ನೀರಿನಲ್ಲಿ ಅರಳಿಸಿ, ಒಂದಕ್ಕೆ ಮೂರು ಪಾಲು ಮರಳು ಕೂಡಿಸಿ ಅರೆದು, ಬೆಲ್ಲ ಮತ್ತು ಅಳಲೆಕಾಯಿಯ ನೀರನ್ನು ಸೇರಿಸಿ ಗೋಡೆಗೆ ಹಚ್ಚಿದರೆ, ಅದು ಗಾಳಿಯಿಂದ ಅದೇ ವಾಯುವನ್ನು ತಿಂಗಳುಗಟ್ಟಲೆ ಮೆಲ್ಲಮೆಲ್ಲನೆ ಹೀರಿ ಮತ್ತೆ ಕಲ್ಲಾಗುವುದು. ಹಚ್ಚಿದ ಮೇಲೆ ಗೋಣಿಯನ್ನು ತೋಯಿಸಿ ಕಟ್ಟಿ ಅದು ಬೇಗ ಒಣಗದಂತೆ ಕಾಯಬೇಕು. ಇಂತಹ ಗಿಲಾವು ಮಳೆಯಲ್ಲಿ ನೆನೆಯುವುದು, ಬಿಸಿಲಲ್ಲಿ ಒಣಗುವುದು. ಉಪ್ಪು ಬಂದರೆ ಮೊದಲು ತಾನುದುರಿ ಕಲ್ಲನ್ನು ಉಳಿಸುವುದು. ಇಪ್ಪತ್ತು ಮೂವತ್ತು ವರ್ಷಕ್ಕೊಮ್ಮೆ ಅದನ್ನು ಹೊಸದಾಗಿ ಹಚ್ಚಬೇಕಾಗುವುದೆಂದು ಗೌಂಡಿ ಹೇಳಿದಾಗ, ಶಾಸನದ ದಾನಿಯು ಹೊಲ ಬಿಟ್ಟುದು ಏಕೆಂಬುದು ನನಗೆ ನಿಜವಾಗಿ ಅರ್ಥವಾಯಿತು. ಕಟ್ಟುವುದು ಒಂದು ದಿನದ ದಾನ. ಬಿರುಕನ್ನು ಮುಚ್ಚುತ್ತಿರುವುದು ವರುಷ ವರುಷದ ಕಾಯಕ, ಅದಕ್ಕೆ ಯಾರೂ ಕಲ್ಲಿನಲ್ಲಿ ಹೆಸರು ಕೊರೆಯಿಸುವುದಿಲ್ಲ.

ಹಳೆಯದನ್ನೆಲ್ಲ ಉಳಿಸಲೇಬೇಕೆಂದು ನಾನು ಹೇಳುತ್ತಿಲ್ಲ. ಕರಗಿಹೋದ ನಮ್ಮ ಕೊಟ್ಟಿಗೆಯನ್ನು ನಾವು ಮತ್ತೆ ಕಟ್ಟಲಿಲ್ಲ. ನಮ್ಮ ಓಣಿಯ ಕೆಳತುದಿಯಲ್ಲಿ ಹಸಿ ಇಟ್ಟಿಗೆಯ ಗೂಡಿನಂತಹ ಮನೆಗಳಲ್ಲಿದ್ದವರು ಪರಿಹಾರ ಪಡೆದು ಎತ್ತರದ ಜಾಗಕ್ಕೆ ಹೋದುದೇ ಲೇಸಾಯಿತು. ಅವರಿಗೆ ಪರಂಪರೆಯ ಉಪದೇಶ ಮಾಡುವ ಅಧಿಕಾರ ಹೊಟ್ಟೆ ತುಂಬಿದವರಿಗಿಲ್ಲ. ನೀರು ಬಂದು ಹೋಗುವುದು ಬೇರೆ, ಬಂದು ನಿಲ್ಲುವುದು ಬೇರೆ. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ತಗ್ಗಿನ ಭಾಗವನ್ನು ಬಿಟ್ಟು ಜನ ನವನಗರಕ್ಕೆ ಹೋಗಬೇಕಾಯಿತು. ಕೂಡಲಸಂಗಮದಲ್ಲಿಯೋ, ನಾರಾಯಣಪುರದ ಜಲಾಶಯದ ನೀರು ಬಂದು ನಿಲ್ಲುವೆಡೆಯಲ್ಲಿ ಬಸವಣ್ಣನವರ ಐಕ್ಯಸ್ಥಳದ ಸುತ್ತ ಬಾವಿಯಂತೆ ಗೋಡೆಯನ್ನೆತ್ತಿ ಕಾಪಾಡಿದರು. ಇಂದು ಭಕ್ತರು ಮೆಟ್ಟಿಲಿಳಿದು ಹೋಗಿ ದರ್ಶನ ಪಡೆಯುವರು. ಒಂದನ್ನು ಬಿಟ್ಟರು, ಒಂದನ್ನು ಹಿಡಿದರು. ಎರಡೂ ಎಲ್ಲರ ಕಣ್ಣೆದುರಿಗೆ, ಏನು ಹೋಗುವುದು ಏನು ಉಳಿಯುವುದೆಂದು ಹೇಳಿಯೇ ನಡೆದವು. ಹಾರೆಯ ಪೆಟ್ಟಿನಲ್ಲಿಯೂ ಹಸಿಗೋಡೆಯ ಬಣ್ಣದಲ್ಲಿಯೂ ಇಲ್ಲದಿದ್ದುದು ಆ ಬಹಿರಂಗತೆಯೇ.

ಆದರೂ ಅಣ್ಣನವರ ವಿಷಯದಲ್ಲಿ ನನ್ನ ಮನಸ್ಸು ಪೂರ್ಣ ಸಮಾಧಾನಗೊಂಡಿಲ್ಲ. ಸತ್ಯವನ್ನು ಹೇಳಿದುದರಿಂದ ನನಗಾದ ನಷ್ಟ ಸ್ವಲ್ಪ, ಅವರಿಗಾದ ನಷ್ಟ ಬಹಳ. ಒಬ್ಬನ ಸಂಬಳದ ಬಲದ ಮೇಲೆ ನಿಂತ ಸತ್ಯಕ್ಕೆ ಇನ್ನೊಬ್ಬನು ಬೆಲೆ ತೆರಬೇಕಾಗಿ ಬಂದರೆ ಅದು ಅರ್ಧ ಸತ್ಯವೇ. ಆದುದರಿಂದ ರಿಪೇರಿಯ ಅವರ ಪಾಲಿನ ಖರ್ಚನ್ನು ನಾನು ಹೊತ್ತೆನು. ಇದನ್ನು ಔದಾರ್ಯವೆಂದು ಯಾರೂ ಎಣಿಸಬಾರದು; 2009ರ ಸಿಮೆಂಟಿನ ಸಾಲ ನನ್ನ ಮೇಲಿದ್ದಿತು. ಹಿಂಬದಿಯ ಅಂಕಣಗಳನ್ನು ಈಗ ಬಾಡಿಗೆಗೆ ಕೊಡುವಾಗ, ಯಾವ ಗೋಡೆ ಎಷ್ಟು ಎತ್ತರಕ್ಕೆ ನೆನೆಯುವುದೆಂಬುದನ್ನು ಮೊದಲೇ ತೋರಿಸಿ ಹೇಳುವೆವು. ಒಬ್ಬರು ಕೇಳಿ ಹಿಂದಿರುಗಿದರು, ಒಬ್ಬರು ಬಾಡಿಗೆ ಇಳಿಸಿಕೊಂಡು ಬಂದರು.

2024ರ ಜುಲೈಯಲ್ಲಿ ಘಟಪ್ರಭೆ ಮತ್ತೆ ಊರನ್ನು ಹೊಕ್ಕಿತು. ನಮ್ಮ ಮನೆಯಲ್ಲಿ ಈ ಸಲ ಮೊಳಕಾಲಿನ ಮಟ್ಟಕ್ಕೆ ನಿಂತು ಎರಡನೆಯ ದಿನ ಇಳಿಯಿತು. ಗಾರೆ ಎರಡು ಅಡಿಯಷ್ಟು ಕಪ್ಪಾಗಿ ನೆನೆದಿದ್ದಿತು. ಅಣ್ಣನವರು ತಾವಾಗಿ ಬಂದು ಕಾಕುವಿನ ಸಂಗಡ ಕೆಸರು ಬಳಿದರು. ಹೋಗುವ ಮುಂಚೆ ಗೋಡೆಯ ಮೇಲೆ ನೀರಿನ ಗೆರೆಯ ಪಕ್ಕದಲ್ಲಿ ಇದ್ದಿಲಿನಿಂದ ತಾರೀಖು ಬರೆದರು. 2019ರ ಗೆರೆಯನ್ನು ಗಿಲಾವು ಮುಚ್ಚಿಬಿಟ್ಟಿದ್ದಿತು. ಅದೂ ಎಲ್ಲಿಯವರೆಗೆ ಬಂದಿತ್ತೆಂದು ಕಾಕುವನ್ನು ಕೇಳಿದರು. ಕಾಕು ಗೋಡೆಗೆ ಒತ್ತಿ ನಿಂತು ತಮ್ಮ ಎದೆಯ ಮೇಲೆ ಕೈಯಿಟ್ಟು ತೋರಿಸಿದರು. ಅಲ್ಲಿಯೂ ಒಂದು ಗೆರೆ ಎಳೆದು ತಾರೀಖು ಬರೆದರು.